ಹಗ್ಗದ ಮೇಲೆ ಇಲ್ಲದ ಕೌದಿ

ವಿರುಪಾಕ್ಷಪ್ಪನಿಗೆ ಇದ್ದದ್ದು ನೆಗಡಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಂಗಸೂಳಿಯಲ್ಲಿ ಯಾರಾದರೂ ಅದನ್ನು ನೆಗಡಿ ಎಂದರೆ ಆತ ಕೈಯಲ್ಲಿದ್ದ ಕೆಲಸ ಅಲ್ಲಿಗೇ ಬಿಟ್ಟು ವಾದಕ್ಕೆ ನಿಲ್ಲುತ್ತಿದ್ದ. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವ ಯಂತ್ರದ ಮುಂದೆ ಇಪ್ಪತ್ತು ವರ್ಷ ಕೂತವನು ಆತ. ಅಷ್ಟು ವರ್ಷ ಯಂತ್ರದ ಮುಂದೆ ಕೂತವನಿಗೆ ತಾನೂ ಅರ್ಧ ಡಾಕ್ಟರ್ ಎನ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ. ಉಳಿದರ್ಧ ಡಾಕ್ಟರನ್ನು ಹುಡುಕಿಕೊಂಡು ಒಂದು ಸೋಮವಾರ ಆತ ಮಿರಜಿಗೆ ಹೋದ.

ಹೋಗಲು ಕಾರಣವಿತ್ತು. ದಿನಾ ನಸುಕಿನಲ್ಲಿ ಐದೂವರೆಗೆ ಅವನಿಗೆ ಸೀನು ಶುರುವಾಗುತ್ತಿತ್ತು. ಒಂದಲ್ಲ ಎರಡಲ್ಲ, ಎಣಿಸಿ ಹನ್ನೊಂದು. ಓಣಿಯವರು ಅದನ್ನು ಕೇಳಿ ಏಳುತ್ತಿದ್ದರು, ಆದರೆ ಊರಿಗೆ ಹೊರಟವರು ಮಾತ್ರ ಅದನ್ನು ಕೇಳಿ ಮತ್ತೆ ಕೂಡುತ್ತಿದ್ದರು. ಹತ್ತು ಸೀನಿದರೆ ಜೋಡಿ ಜೋಡಿಯಾಗಿ ಹೋಗುತ್ತಿತ್ತು, ಹನ್ನೊಂದನೆಯದು ಒಂಟಿ. ಒಂಟಿ ಸೀನು ಕೇಳಿ ಯಾರು ತಾನೇ ಹೊಸ್ತಿಲು ದಾಟುತ್ತಾರೆ? ಹೀಗಾಗಿ ಕನ್ಯೆ ನೋಡಲು ಹೋಗುವಾಗ, ಹೊಲ ಖರೀದಿಗೆ ಹೋಗುವಾಗ ವಿರುಪಾಕ್ಷಪ್ಪನನ್ನು ಯಾರೂ ಕರೆಯುತ್ತಿರಲಿಲ್ಲ. ಅದನ್ನೆಲ್ಲ ಆತ ಸಹಿಸಿಕೊಂಡಿದ್ದ. ಸಹಿಸಲಾಗದ್ದು ಬೇರೆ ಇತ್ತು.

ಅವನಿಗೆ ಒಬ್ಬಳೇ ಮಗಳು, ಸೌಂದರ್ಯಾ. ಅಥಣಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನ ತವರುಮನೆಯಲ್ಲಿ ಆಗಬೇಕು, ಅದು ತವರಿನ ಮರ್ಯಾದೆ. ಆದರೆ ಹೆಂಡತಿ ಲಕ್ಕವ್ವ ಗಂಡನ ಮೂಗಿನ ಕಡೆ ಒಮ್ಮೆ ನೋಡಿದಳು, ಮಗಳ ಹೊಟ್ಟೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಮಗಳನ್ನು ಕರೆದುಕೊಂಡು ದಿಗ್ಗೇವಾಡಿಯ ತನ್ನ ತಮ್ಮ ಮುರಗೆಪ್ಪನ ಮನೆಗೆ ಹೋಗಿಬಿಟ್ಟಳು. ಅಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ನೋಡಲು ಹೋದ ವಿರುಪಾಕ್ಷಪ್ಪ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು, ಮೂಗಿಗೆ ಟವೆಲ್ ಕಟ್ಟಿಕೊಂಡು, ಮೊಮ್ಮಗಳ ಮುಖ ಕಾಣುವ ಮೊದಲೇ ಸೀನಿದ. ಮಗು ಬೆಚ್ಚಿಬಿದ್ದು ಅಳತೊಡಗಿತು. ಹೆಂಗಸರೆಲ್ಲ ಸೇರಿ ಅವನನ್ನು ಅಂಗಳಕ್ಕೆ ಕಳಿಸಿದರು.

"ಇದು ಹತ್ತೂದಲ್ಲ ಬೇ! ಅಲರ್ಜಿ ಇದು, ಅಲರ್ಜಿ!" ಎಂದು ಆತ ಅಂಗಳದಿಂದ ಕೂಗಿದ.

"ಏನರ ಇರಲಿ. ಸೀನ ನಿಂದರಸ್ರಿ, ಮರುದಿನಾನ ಕೂಸಿನ್ನ ಕರಕೊಂಡ ಬರ್ತೀನಿ. ತೊಟ್ಟಲಾನೂ ನಮ್ಮನ್ಯಾಗನ ಕಟ್ಟೂಣು," ಎಂದಳು ಲಕ್ಕವ್ವ ಒಳಗಿನಿಂದ.

ಅಂದಿನಿಂದ ಇಪ್ಪತ್ತೆಂಟು ದಿನ ಆತ ಒಬ್ಬನೇ ಇದ್ದ. ಡೇರಿಯಿಂದ ಬಂದರೆ ಮಾತಾಡಲು ಗೋಡೆ. ಅಭ್ಯಾಸಬಲದಿಂದ ಎರಡು ಕಪ್ಪು ಚಹಾ ಮಾಡುತ್ತಿದ್ದ, ಎರಡನೆಯದನ್ನೂ ತಾನೇ ತಣ್ಣಗೆ ಕುಡಿಯುತ್ತಿದ್ದ. ರೊಟ್ಟಿ ಬಡಿಯಲು ಬಾರದೆ ಅವಲಕ್ಕಿ ಮೊಸರಿನ ಮೇಲೆ ದಿನ ದೂಡುತ್ತಿದ್ದ. ಫೋನಿನಲ್ಲಿ ಮೊಮ್ಮಗಳ ಫೋಟೋ ನೋಡುತ್ತಿದ್ದ. ಫೋಟೋದ ಮುಂದೆಯೂ ಸೀನು ಬಂದರೆ ಮುಖ ಆಚೆ ತಿರುಗಿಸುತ್ತಿದ್ದ, ಅಷ್ಟು ಹೆದರಿಸಿಟ್ಟಿದ್ದರು ಅವನನ್ನು.

ಮಿರಜಿಯ ಮೂಗಿನ ಡಾಕ್ಟರು ಅವನ ಮೂಗಿನಲ್ಲಿ ಬ್ಯಾಟರಿ ಬೆಳಕು ಬಿಟ್ಟು ನೋಡಿ, "ಕಾಕಾ, ಹೀ ಸರ್ದೀ ನಾಹೀ. ಅಲರ್ಜೀ ಆಹೇ," ಎಂದರು. ನೆಗಡಿಯಲ್ಲ, ಅಲರ್ಜಿ! ವಿರುಪಾಕ್ಷಪ್ಪನಿಗೆ ಆದ ಆನಂದವನ್ನು ಏನೆಂದು ಹೇಳುವುದು! ಡಾಕ್ಟರ ಕೈ ಹಿಡಿದುಕೊಂಡು, "ಇದನ್ನ ಒಂದ ಕಾಗದದ ಮ್ಯಾಲ ಬರದ ಕೊಡ್ರಿ ಸಾಹೇಬರ, ನಮ್ಮೂರಾಗ ತೋರಸಬೇಕಾಗೈತಿ," ಎಂದ. ಅವರು ಮಾತ್ರೆಯ ಜೊತೆಗೆ ಒಂದು ಅಚ್ಚಾದ ಮರಾಠಿ ಹಾಳೆ ಕೊಟ್ಟರು. ಹಾಸಿಗೆ ಹೊದಿಕೆಗಳಲ್ಲಿ ಕಣ್ಣಿಗೆ ಕಾಣದ ಹುಳಗಳಿರುತ್ತವೆ, ಎಲ್ಲವನ್ನೂ ಕುದಿಯುವ ನೀರಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ಹಳೆಯ ಗಾದಿ, ದಿಂಬು ಮನೆಯಲ್ಲಿ ಇರಬಾರದು. ಒಣ ಕಸಬರಿಗೆ ಆಡಿಸಬಾರದು, ಒದ್ದೆ ಅರಿವೆಯಿಂದ ಒರೆಸಬೇಕು. ಊದುಬತ್ತಿ ಬೇಡ, ಹೊಗೆ ಬೇಡ. ಇಂಥವು ಒಂಬತ್ತು ಕಲಮು ಇದ್ದವು ಅದರಲ್ಲಿ.

ಸಂಜೆ ಬಸ್ಸಿಳಿದಾಗ ದಾರಿಯ ಧೂಳಿಗೆ ಅವನ ಕಣ್ಣು ಕೆಂಡದಂತಾಗಿದ್ದವು, ಮೂಗು ಸೋರುತ್ತಿತ್ತು. ಎದುರುಮನೆಯ ಕೆಂಪವ್ವ ಕಟ್ಟೆಯ ಮೇಲೆ ಕೂತು ಅದನ್ನು ನೋಡಿದಳು. ಅವಳು ನೋಡದ್ದು ಆ ಓಣಿಯಲ್ಲಿ ನಡೆಯುವುದು ಕಡಿಮೆ.

ಮಂಗಳವಾರ ಆತ ರಜೆಯ ಚೀಟಿ ಕೊಟ್ಟ. ಬುಧವಾರ ಬೆಳಿಗ್ಗೆ ಕಲಮುಗಳನ್ನು ಒಂದರ ಹಿಂದೊಂದು ಜಾರಿಗೆ ತಂದ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಹಂಡೆ ಇಟ್ಟು ನೀರು ಕುದಿಸಿದ. ಹಾಸಿಗೆ, ಜಮಖಾನ, ಚಾದರ, ಅಂಗಿ, ಧೋತರ ಎಲ್ಲ ಅದರೊಳಗೆ ಬಿದ್ದವು. ಅಂಗಿಯ ಕಿಸೆಯಲ್ಲಿದ್ದ ಮೊಬೈಲೂ ಬಿತ್ತು. ಹಳೆಯ ಗಾದಿಗಳನ್ನು ಊರ ಹೊರಗೆ ಚೆಲ್ಲಿ ಬಂದ. ಮಣ್ಣಿನ ಗಡಿಗೆಗಳನ್ನು ಹೊರಗಿಟ್ಟ. ಗೋಡೆ ತೊಳೆದ, ನೆಲ ತೊಳೆದ, ದೇವರ ಜಗಲಿಯ ಊದುಬತ್ತಿ ತೆಗೆದ. ಮಧ್ಯಾಹ್ನದ ಹೊತ್ತಿಗೆ ಮನೆಯೊಳಗೆ ಕೂಗಿದರೆ ಮಾರ್ದನಿ ಬರುವಂತಾಯಿತು. ಹೀಗೆ ಎಲ್ಲವನ್ನೂ ತೊಳೆದ. ಎಲ್ಲವನ್ನೂ ಅಂದರೆ ಹೆಚ್ಚುಕಡಿಮೆ ಎಲ್ಲವನ್ನೂ. ಒಂದು ಉಳಿಯಿತು. ಅದರ ಮಾತು ಆಮೇಲೆ.

ಕಟ್ಟೆಯ ಮೇಲೆ ಕೂತ ಕೆಂಪವ್ವನಿಗೆ ಹಾಳೆಯ ಮಾತು ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಅರವತ್ತು ವರ್ಷದ ರೂಢಿ. ಮನೆಯಲ್ಲಿ ಸಾವಾದರೆ ಮೂರನೆಯ ದಿನ ಮನೆ ತೊಳೆಯುತ್ತಾರೆ, ಹಾಸಿಗೆಯೆಲ್ಲ ಕುದಿಸುತ್ತಾರೆ, ಗಡಿಗೆ ಹೊರಗೆ ಹಾಕುತ್ತಾರೆ. ಸೋಮವಾರ ಈತ ಒಬ್ಬನೇ ಎಲ್ಲಿಗೋ ಹೋಗಿದ್ದ, ಅಳುತ್ತ ಬಂದಿದ್ದ. ಬುಧವಾರಕ್ಕೆ ಮೂರು ದಿನ. ಯಾರು ಸತ್ತದ್ದು ಎಂದು ಆಕೆ ಹಗ್ಗದ ಮೇಲೆ ಒಣಗಲು ಹಾಕಿದ್ದನ್ನು ಒಂದೊಂದಾಗಿ ಎಣಿಸಿದಳು. ಎಲ್ಲವೂ ಇದ್ದವು, ಲಕ್ಕವ್ವನ ಕೌದಿಯೊಂದೇ ಇರಲಿಲ್ಲ.

ಆ ಕೌದಿ ಓಣಿಗೆಲ್ಲ ಗೊತ್ತು. ಲಕ್ಕವ್ವನ ತಾಯಿಯ ಸೀರೆ, ಅವಳ ಮದುವೆಯ ಇಳಕಲ್ ಸೀರೆ, ಸೌಂದರ್ಯಾಳ ಲಂಗದ ತುಂಡು, ಸುತ್ತ ಕೆಂಪು ಅಂಚು. ಕೆಂಪವ್ವನೇ ಮೂರು ಮೂಲೆ ಹೊಲಿದುಕೊಟ್ಟಿದ್ದಳು. ಸತ್ತವರ ಹೊದಿಕೆಯನ್ನು ಮನೆಯಲ್ಲಿ ಇಡುವುದಿಲ್ಲ, ಹೊಳೆಗೆ ಬಿಡುತ್ತಾರೆ. ಕೆಂಪವ್ವ ಸೆರಗು ಬಾಯಿಗೆ ಹಿಡಿದಳು.

"ಲಕ್ಕಿ ಹ್ವಾದಳವ್ವಾ," ಎಂದಳು ಪಕ್ಕದವಳಿಗೆ. "ಅಲ್ಲೇ ದಿಗ್ಗೇವಾಡ್ಯಾಗ ಮಣ್ಣು ಮಾಡ್ಯಾರ. ನಮಗ ಒಂದ ಮಾತ ಹೇಳಲಿಲ್ಲ ನೋಡ, ಮನಷ್ಯಾ ಅಷ್ಟ ಕುಗ್ಗಿ ಹೋಗ್ಯಾನ."

ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ನೆರೆಯವರು ಬುತ್ತಿ ಒಯ್ಯಬೇಕು. ಸಂಜೆ ಕೆಂಪವ್ವ ಬಿಸಿ ರೊಟ್ಟಿ, ಝುಣಕಾ ಕಟ್ಟಿಕೊಂಡು ಬಂದಳು. ಇನ್ನೊಂದು ರೂಢಿಯೂ ಇತ್ತು. ದುಃಖದ ಮನೆಗೆ ಹೋದವರು ಸತ್ತವರ ಹೆಸರು ತಾವಾಗಿ ಎತ್ತಬಾರದು, ಮನೆಯವರೇ ಎತ್ತುವ ತನಕ ಕಾಯಬೇಕು. ಈ ಎರಡನೆಯ ರೂಢಿಯಿಂದಲೇ ಮುಂದಿನದೆಲ್ಲ ಆಯಿತು.

ಇಪ್ಪತ್ತೆಂಟು ದಿನದ ನಂತರ ಬಿಸಿ ರೊಟ್ಟಿ ಕಂಡ ವಿರುಪಾಕ್ಷಪ್ಪ ಅಲ್ಲೇ ಕೂತು ಬುತ್ತಿ ಬಿಚ್ಚಿದ. ದಿನವಿಡೀ ಧೂಳು ಝಾಡಿಸಿ ಕಣ್ಣಲ್ಲಿ ನೀರು ಬೇರೆ.

"ಸಮಾಧಾನ ಮಾಡಕೋ ತಮ್ಮಾ," ಎಂದಳು ಕೆಂಪವ್ವ. "ಡಾಕ್ಟರ್ ಕೈಲೆ ಏನೂ ಆಗಲಿಲ್ಲೇನ?"

"ಪೂರ್ತಿ ಹೋಗೂದಲ್ಲ ಅಂದ್ರಕ್ಕಾ. ಹಿಂಗ ಮನೀ ಸ್ವಚ್ಛ ಇಟಗೊಂಡ ಬದಕೂದ ಕಲೀರಿ ಅಂದ್ರು."

"ಖರೆ ಅಂದ್ರಪಾ. ಬದಕೂದ ಕಲೀಬೇಕು." ಕೆಂಪವ್ವ ಕಣ್ಣೊರೆಸಿಕೊಂಡಳು.

"ಇಪ್ಪತ್ತಾರ ವರ್ಷ ಹಾಸಗ್ಯಾಗ ಇಟಗೊಂಡ ಮಲಗೀನಿ ನೋಡಕ್ಕಾ. ನನಗ ಖಬರನ ಇರಲಿಲ್ಲ," ಎಂದ ಆತ. ಹೇಳಿದ್ದು ಹಾಳೆಯ ಮೊದಲನೆಯ ಕಲಮಿನ ಹುಳಗಳನ್ನು ಕುರಿತು.

ಕೆಂಪವ್ವ ಜೋರಾಗಿ ಅತ್ತೇಬಿಟ್ಟಳು. ತನ್ನ ಅಲರ್ಜಿಗೆ ಈ ಮುದುಕಿ ಇಷ್ಟೊಂದು ಮರುಗುತ್ತಾಳೆಂದು ವಿರುಪಾಕ್ಷಪ್ಪ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ತಾನು ಓಣಿಯ ಜನರನ್ನು ಇಷ್ಟು ದಿನ ತಪ್ಪು ತಿಳಿದೆನಲ್ಲ ಎಂದು ಅವನೂ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಗುರುವಾರ ಬೆಳಗಾಯಿತು. ಐದೂವರೆಗೆ ಅವನಿಗೆ ಹನ್ನೊಂದು ಸೀನು ಬಂದೇ ಬಂದವು. ಒಂಬತ್ತು ಕಲಮು ಮಾಡಿದರೂ ಒಂದು ಸೀನು ಕಡಿಮೆಯಾಗಲಿಲ್ಲ. ಯಾಕೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ.

ಎಂಟು ಗಂಟೆಗೆ ಜನ ಬರತೊಡಗಿದರು. ಒಬ್ಬರು ಅನ್ನ ಸಾರು ತಂದರು, ಒಬ್ಬರು ಪುಂಡಿಪಲ್ಯೆ. ಟಂಟಂ ಓಡಿಸುವ ಜಾಫರಸಾಬ ಬಾಡಿಗೆ ಬಿಟ್ಟು ಬಂದು, ವಿರುಪಾಕ್ಷಪ್ಪನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಅವನ ಬೆನ್ನ ಮೇಲೆ ಕೈಯಿಟ್ಟ.

"ಏನ್ ಹೇಳೂದೋ ದೋಸ್ತಾ. ಎಲ್ಲಾರಿಗೂ ಒಂದಿನಾ ಬರೂದ ಐತಿ."

"ಎಲ್ಲಾರಿಗೂ ಏನ್ ಬರೂದಲ್ಲ. ನೂರರಾಗ ಹತ್ತ ಇಪ್ಪತ್ತ ಮಂದಿಗೆ ಅಷ್ಟ ಬರತೈತಿ ಅಂದ್ರು ಡಾಕ್ಟರು."

ಜಾಫರಸಾಬ ಅವನ ಮುಖ ನೋಡಿ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಬೆನ್ನನ್ನು ಇನ್ನಷ್ಟು ಸವರಿದ.

ಅಷ್ಟರಲ್ಲಿ ಪಂಚಾಯ್ತಿ ಮೆಂಬರ ಧೂಳಪ್ಪ ಬಂದರು. ಯಾವ ಮನೆಗೆ ಯಾವಾಗ ಹೋದರೂ ಅವರ ಬಗಲಲ್ಲಿ ಒಂದು ಅರ್ಜಿ ಇರುತ್ತದೆ. "ಈ ಹೊತ್ತಿನಾಗ ಮಾತಾಡಬಾರದ್ರಿ, ಆದ್ರ ತಡಾ ಮಾಡಿದ್ರ ಮುಂದ ತ್ರಾಸ ಆಗತೈತಿ. ರೇಶನ್ ಕಾರ್ಡಿನಾಗಿನ ಹೆಸರ ಒಂದ ತಗಸಬೇಕಾಗತೈತಿ," ಎಂದರು ಮೆಲ್ಲಗೆ.

ಮದುವೆಯಾಗಿ ಹೋದ ಸೌಂದರ್ಯಾಳ ಹೆಸರು ಇನ್ನೂ ಕಾರ್ಡಿನಲ್ಲೇ ಇದ್ದದ್ದು ವಿರುಪಾಕ್ಷಪ್ಪನಿಗೆ ನೆನಪಾಯಿತು. "ಹೌದ್ರಿ ಮೆಂಬರ್ರ. ಎರಡ ವರ್ಷದ ಹಿಂದನ ತಗಸಬೇಕಾಗಿತ್ತು. ನಾನ ಆಲಸ್ಯಾ ಮಾಡಿದ್ನಿ," ಎಂದ.

ಧೂಳಪ್ಪನವರ ಕೈಯಿಂದ ಪೆನ್ನು ಬಿತ್ತು. ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿರುಪಾಕ್ಷಪ್ಪ ಮಾತ್ರ ಪೆನ್ನು ಎತ್ತಿಕೊಟ್ಟು, ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಮನೆ ತುಂಬ ಜನ ಕೂತಿದ್ದರು. ಗೋಡೆಗಳ ಮಾರ್ದನಿ ಅಡಗಿಹೋಗಿತ್ತು. ಹಾಳೆಯಲ್ಲಿ ಇಲ್ಲದ ಹತ್ತನೆಯ ಔಷಧವೆಂದರೆ ಇದೇ ಎಂದು ಅವನಿಗೆ ಅನ್ನಿಸಿತು. ಸುಳ್ಳೇಕೆ ಹೇಳಬೇಕು, ಅಲರ್ಜಿ ಇನ್ನೂ ನಾಲ್ಕು ದಿನ ಇರಲಿ ಎಂದೂ ಅನ್ನಿಸಿತು.

ಇತ್ತ ಜಾಫರಸಾಬ ಹಿಂದಿನ ರಾತ್ರಿಯೇ ಕುಡಚಿಯ ಸ್ಟ್ಯಾಂಡಿನಲ್ಲಿ ದಿಗ್ಗೇವಾಡಿಯ ಒಬ್ಬನಿಗೆ, "ಮಂಗಸೂಳಿ ವಿರುಪಾಕ್ಷಪ್ಪನ ಮನ್ಯಾಗ ಆಗಬಾರದ್ದ ಆಗೈತ್ರಿ," ಎಂದು ಹೇಳಿದ್ದ. ರೂಢಿಯಂತೆ ಹೆಸರು ಎತ್ತಿರಲಿಲ್ಲ. ಆ ಮಾತು ಬೆಳಗಾಗುವಷ್ಟರಲ್ಲಿ ಮುರಗೆಪ್ಪನ ಕಿವಿಗೆ ಬಿತ್ತು. ಮುರಗೆಪ್ಪ ಲೆಕ್ಕದಲ್ಲಿ ಗಟ್ಟಿ. ಆ ಮನೆಯಲ್ಲಿ ಇದ್ದದ್ದೇ ಮೂವರು. ಅಕ್ಕ ತನ್ನ ಹಿತ್ತಲಲ್ಲಿ ಕೂಸಿನ ಅರಿವೆ ಹಿಂಡುತ್ತಿದ್ದಾಳೆ. ಸೋದರಸೊಸೆ ಸೌಂದರ್ಯಾ ಕೋಣೆಯಲ್ಲಿ ಮಲಗಿದ್ದಾಳೆ. ಮಂಗಸೂಳಿಯಲ್ಲಿ ಉಳಿದದ್ದು ಒಬ್ಬರೇ. ಫೋನು ಹಚ್ಚಿ ನೋಡಿದ, ಹಂಡೆಯಲ್ಲಿ ಬೆಂದ ಮೊಬೈಲು ಉತ್ತರ ಕೊಡಲಿಲ್ಲ.

ಹನ್ನೊಂದು ಗಂಟೆಗೆ ಓಣಿಯ ಮೂಲೆಯಲ್ಲಿ ಜೀಪು ನಿಂತಿತು. ಅದರಿಂದ ಒಂದು ಅಳು ಇಳಿದು ಬಂತು.

"ನನ್ನ ಬಿಟ್ಟ ಎಲ್ಲಿ ಹ್ವಾದ್ಯೋ ನನ್ನ ದೊರೀ! ಕೂಸಿನ ಮಾರಿ ನೋಡಲಾರದ ಹ್ವಾದ್ಯಲ್ಲೋ! ಸೀನಿದ್ರ ಸೀನಲಿ ಅಂತ ಸುಮ್ನ ಇರಲಾರದ ಬೈದ್ನಲ್ಲೋ!"

ಅಂಗಳದಲ್ಲಿದ್ದ ಕೆಂಪವ್ವ ತಿರುಗಿ ನೋಡಿದಳು. ಸತ್ತ ಲಕ್ಕವ್ವ ತಲೆ ಬಿಚ್ಚಿಕೊಂಡು ಹಗಲು ಹನ್ನೊಂದಕ್ಕೆ ನಡೆದು ಬರುತ್ತಿದ್ದಳು. ಕೆಂಪವ್ವನ ಕೈಯಲ್ಲಿದ್ದ ಸಾರಿನ ಪಾತ್ರೆ ಜಾರಿತು. "ಮಲ್ಲಯ್ಯಾ!" ಎಂದು ದೇವರ ಹೆಸರು ಕಿರುಚಿ ಆಕೆ ಧೂಳಪ್ಪನವರನ್ನು ತಬ್ಬಿಕೊಂಡಳು. ಮೆಂಬರರು ಅರ್ಜಿಯನ್ನು ಮುಖಕ್ಕೆ ಅಡ್ಡ ಹಿಡಿದರು.

ಲಕ್ಕವ್ವ ಇವರನ್ನೆಲ್ಲ ದಾಟಿಕೊಂಡು ಒಳಗೆ ನುಗ್ಗಿದಳು. ನಡುಮನೆಯಲ್ಲಿ ಅವಳ ಗಂಡ ಚಕ್ಕಳಮಕ್ಕಳ ಹಾಕಿ ಕೂತು ಐದನೆಯ ರೊಟ್ಟಿ ಮುರಿಯುತ್ತಿದ್ದ.

ಅಳು ಅರ್ಧಕ್ಕೆ ನಿಂತಿತು.

"ನೀವು ಸತ್ತಿಲ್ಲ?"

"ಇಲ್ಲಲ್ಲ," ಎಂದ ವಿರುಪಾಕ್ಷಪ್ಪ, ಬಾಯಲ್ಲಿದ್ದದ್ದನ್ನು ನುಂಗಿ. "ನೀ ಯಾವಾಗ ಬಂದಿ? ಕೂಸ ಎಲ್ಲಿ?"

"ಮತ್ತ ಯಾರ ಸತ್ತಾರ?" ಎಂದು ಕೇಳಿದ ಹಿಂದಿನಿಂದ ಬಂದ ಮುರಗೆಪ್ಪ. ಅವನ ಕೈಯಲ್ಲಿ ಹೂವಿನ ಹಾರವಿತ್ತು.

ಸತ್ತವರು ಯಾರೂ ಇರಲಿಲ್ಲವಲ್ಲ, ಉತ್ತರ ಎಲ್ಲಿಂದ ಬರಬೇಕು? ಧೂಳಪ್ಪನವರು ಅರ್ಜಿ ಇಳಿಸಿ, "ಹಂಗಾರ ಇದರಾಗ ಯಾರ ಹೆಸರ ಬರಕೋಲಿ?" ಎಂದು ಕೇಳಿ, ಅದನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು.

ಆಮೇಲಿನ ಕಾಲು ತಾಸು ಎಲ್ಲರೂ ಒಟ್ಟಿಗೇ ಮಾತಾಡಿದರು. ಕೆಂಪವ್ವ ತಾನು ಕಂಡದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಸಿಟ್ಟೂ ಬಂತು. "ನನ್ನ ಮ್ಯಾಲ್ಯಾಕ ಬರ್ತೀರಿ? ಎಲ್ಲಾ ಹಾಸಿಗಿ ಹಗ್ಗದ ಮ್ಯಾಲ ಇದ್ದೂ. ಲಕ್ಕಿ ಕೌದಿ ಒಂದ ಇರಲಿಲ್ಲ. ಅದನ್ನ ಹೊಳಿಗೆ ಬಿಟ್ಟಾನಂದ್ರ ನಾ ಏನ್ ತಿಳಕೋಬೇಕು?"

ಲಕ್ಕವ್ವ ಮೆಲ್ಲಗೆ ಗಂಡನ ಕಡೆ ತಿರುಗಿದಳು. ಈ ತಿರುಗುವಿಕೆಯ ಪರಿಚಯ ವಿರುಪಾಕ್ಷಪ್ಪನಿಗೆ ಇಪ್ಪತ್ತಾರು ವರ್ಷದ್ದು.

"ನನ್ನ ಕೌದಿ ಎಲ್ಲೈತ್ರಿ?"

"ಐತಿ."

"ಎಲ್ಲೈತಿ? ಹೊಳ್ಯಾಗ? ನಮ್ಮವ್ವನ ಸೀರಿ ಇತ್ರಿ ಅದರಾಗ. ನಾ ಸಾಯೂ ಮುಂಚೇನ ಹೊಳಿಗೆ ಬಿಟ್ರಿ?"

"ಇಲ್ಲ ಬೇ. ಮನ್ಯಾಗ ಐತಿ. ಮಂದಿ ಹೋಗಲಿ, ತೋರಸ್ತೀನಿ."

"ಮಂದೀ ಮುಂದನ ತೋರಸ್ರಿ. ಸತ್ತೀನಂತ ತಿಳಿದಾವ್ರು ಮಂದೀನ."

ಬೇರೆ ದಾರಿ ಇರಲಿಲ್ಲ. ವಿರುಪಾಕ್ಷಪ್ಪ ಒಳಕೋಣೆಗೆ ಹೋಗಿ ತಗಡಿನ ಟ್ರಂಕು ತೆಗೆದ. ಜನರೆಲ್ಲ ಬಾಗಿಲಿಗೆ ಮುತ್ತಿದರು. ಬೆಳಿಗ್ಗೆ ಮಡಿಸಿಟ್ಟ ಕೌದಿ ಅಲ್ಲೇ ಇತ್ತು. ಅದನ್ನು ಎತ್ತಿದ ಕೂಡಲೇ ಅವನ ಮೂಗು ಅರಳಿತು. ಒಂದು, ಎರಡು, ಮೂರು. ಓಣಿಯವರು ಬಾಯಲ್ಲೇ ಎಣಿಸಿದರು. ಹನ್ನೊಂದು ಮುಗಿಯಿತು. ಆದರೆ ಅಂದು ಅದು ಹದಿನಾಲ್ಕಕ್ಕೆ ಹೋಗಿ ನಿಂತಿತು.

"ಹುಳಾ ಇದರಾಗನ ಅದಾವು ನೋಡ್ರಿ!" ಎಂದ ಜಾಫರಸಾಬ. "ಲೇ, ಮನೀ ಎಲ್ಲಾ ತೊಳದಿ, ಗ್ವಾಡಿ ತೊಳದಿ, ಮೊಬೈಲ್ ಸೈತ ತೊಳದಿ. ಇದೊಂದ್ಯಾಕ ಬಿಟ್ಟಿ?"

ವಿರುಪಾಕ್ಷಪ್ಪ ಕೌದಿ ಹಿಡಿದುಕೊಂಡು ನಿಂತೇ ಇದ್ದ. ಕಣ್ಣಿಂದ ನೀರು, ಮೂಗಿಂದ ನೀರು. ಇಪ್ಪತ್ತೆಂಟು ದಿನ ಒಬ್ಬನೇ ಇದ್ದವನಿಗೆ ಇಷ್ಟು ಜನರ ನಡುವೆ ಸುಳ್ಳು ಹೊಳೆಯಲಿಲ್ಲ.

"ತೊಳದ್ರ ಅದರಾಗ ಏನ್ ಉಳೀತೈತಿ?" ಎಂದ. "ಆಕಿ ಹೊದ್ದದ್ದು ಇದೊಂದ ಇತ್ತು. ಹೊತಗೊಂಡ್ರ ಮನ್ಯಾಗ ಒಬ್ಬನ ಅನಸ್ತಿರಲಿಲ್ಲ. ಕುದಿಯೂ ನೀರಿಗೆ ಹಾಕಾಕ ಕೈ ಬರಲಿಲ್ಲ."

ಯಾರೂ ನಗಲಿಲ್ಲ. ಲಕ್ಕವ್ವ ಗೋಡೆಯ ಕಡೆ ಮುಖ ಮಾಡಿ ನಿಂತು, ಬಿಚ್ಚಿದ ತಲೆ ಕಟ್ಟಿಕೊಂಡಳು. ಆಮೇಲೆ ಅವನ ಕೈಯಿಂದ ಕೌದಿ ಕಸಿದುಕೊಂಡು ಅಂಗಳಕ್ಕೆ ಹೋಗಿ ಹಂಡೆಯ ಕೆಳಗೆ ಬೆಂಕಿ ಹೂಡಿದಳು. ಬೆಂಕಿ ಬೇಗ ಹತ್ತಲಿಲ್ಲ, ಊದಿ ಊದಿ ಅವಳ ಕಣ್ಣೂ ಕೆಂಪಾದವು.

ಸತ್ತವರಿಲ್ಲದ ಮನೆಯಲ್ಲಿ ಕೂತು ಮಾಡುವುದೇನಿದೆ ಎಂದು ಜನ ಒಬ್ಬೊಬ್ಬರಾಗಿ ಎದ್ದರು. ಕೆಂಪವ್ವ ಉಳಿದ ರೊಟ್ಟಿ ಎಣಿಸಿ ವಾಪಸು ಕಟ್ಟಿಕೊಂಡಳು, ಎರಡನ್ನು ಮಾತ್ರ ಬಿಟ್ಟಳು. ಮುರಗೆಪ್ಪ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಜಗಲಿಯ ಮಲ್ಲಯ್ಯನ ಫೋಟೋಕ್ಕೆ ಹಾಕಿದ.

ಸಂಜೆ ಲಕ್ಕವ್ವ ಹೊರಟು ನಿಂತಳು. ಕೂಸಿಗೆ ಎರೆಯುವವರಿಲ್ಲ, ಸೌಂದರ್ಯಾ ಒಬ್ಬಳೇ ಇದ್ದಳು. "ಕೌದಿ ಒಣಗೈತಿ. ಇವತ್ತ ಹೊತಗೋರಿ," ಎಂದಳು ಜೀಪಿನಿಂದ. "ಮುಂಜಾನೆ ಸೀನ ಬರಲಿಲ್ಲಂದ್ರ ಫೋನ್ ಹಚ್ರಿ."

ಜೀಪು ಹೋಯಿತು. ಮನೆಯ ಮಾರ್ದನಿ ಮರಳಿ ಬಂತು. ವಿರುಪಾಕ್ಷಪ್ಪ ಎರಡು ಕಪ್ಪು ಚಹಾ ಮಾಡಿ, ಎರಡನ್ನೂ ಕುಡಿದು, ಕೌದಿ ಹೊದ್ದು ಮಲಗಿದ. ಅದಕ್ಕೆ ಈಗ ಬಿಸಿಲಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಬಹಳ ಹೊತ್ತು ನಿದ್ದೆ ಬರಲಿಲ್ಲ.

ಶುಕ್ರವಾರ ಐದೂವರೆಯಾಯಿತು. ಆರಾಯಿತು. ಸೀನಿಲ್ಲ. ಎದುರುಮನೆಯವರು ಎದ್ದದ್ದೇ ಏಳು ಗಂಟೆಗೆ, ಮಕ್ಕಳಿಗೆ ಶಾಲೆಯ ಬಸ್ಸು ತಪ್ಪಿತು. ಎರಡು ರಾತ್ರಿ ಅಕ್ಕಿ ಡಬ್ಬಿಯಲ್ಲಿ ಹುದುಗಿದ್ದ ಮೊಬೈಲಿಗೆ ಹೇಗೋ ಜೀವ ಬಂದಿತ್ತು. ಆತ ದಿಗ್ಗೇವಾಡಿಗೆ ಹಚ್ಚಿದ.

"ಸೀನ ಬರಲಿಲ್ಲ."

"ಖರೇನ?" ಎಂದಳು ಲಕ್ಕವ್ವ. ಹಿಂದಿನಿಂದ ಸೌಂದರ್ಯಾ, "ಅಪ್ಪಾನ ಮಾತ ನಂಬಬ್ಯಾಡ ಬೇ. ಫೋನ್ ಚಾಲೂನ ಇಡಂತ ಹೇಳ. ಒಂದ ತಾಸ ಕೇಳೂಣು," ಎಂದಳು.

ಹಾಗಾಗಿ ವಿರುಪಾಕ್ಷಪ್ಪ ಖಾಲಿ ಮನೆಯಲ್ಲಿ ಮೊಬೈಲನ್ನು ಎದುರಿಗಿಟ್ಟುಕೊಂಡು ಒಂದು ತಾಸು ಕೂತ. ಅವರು ಇವನ ಸೀನು ಕೇಳಲು ಕಾದರು. ಇವನು ಅವರದೆಲ್ಲ ಕೇಳಿದ. ಪಾತ್ರೆ ಬಿದ್ದದ್ದು, ನೀರು ಕಾದದ್ದು, ಲಕ್ಕವ್ವ ತಮ್ಮನನ್ನು ಬೈದದ್ದು. ಕೂಸಿಗೆ ಎರೆಯುವಾಗ ಅದು ಕಿರುಚಿದ್ದು, ಆಮೇಲೆ ಹಾಲು ಕುಡಿಯುತ್ತ ಗುಟುಕು ಗುಟುಕಾಗಿ ಸುಮ್ಮನಾದದ್ದು. ಅವನು ಅಲುಗಾಡಲಿಲ್ಲ. ಆ ತಾಸು ಬೇಗ ಮುಗಿದುಬಿಡುತ್ತದಲ್ಲ ಎಂಬುದೊಂದೇ ಅವನ ಚಿಂತೆ.

"ಅದೀರೇನ್ರಿ?" ಎಂದಳು ಲಕ್ಕವ್ವ ಕೊನೆಗೆ.

"ಅದೀನಿ."

"ಸೀನಲಿಲ್ಲಲ್ಲ?"

"ಇಲ್ಲ."

"ಹಂಗಾರ ಐತವಾರ ಬರ್ತೀವಿ. ಅಟ್ಟದ ಮ್ಯಾಲ ಸೌಂದರ್ಯಾನ ತೊಟ್ಟಲಾ ಐತಿ. ಅದನ್ನ ತೊಳದ ಬಿಸಲಿಗೆ ಇಡ್ರಿ."

ವಿರುಪಾಕ್ಷಪ್ಪ ತೊಟ್ಟಿಲು ಇಳಿಸಿದ. ಮೂಗಿಗೆ ಟವೆಲ್ ಕಟ್ಟಿಕೊಂಡು, ಒದ್ದೆ ಅರಿವೆಯಿಂದ ಒರೆಸಿ, ಬಿಸಿನೀರಲ್ಲಿ ಮೂರು ಸಲ ತೊಳೆದು, ಅಂಗಳದ ನಡುವೆ ಬಿಸಿಲಲ್ಲಿಟ್ಟು, ಟವೆಲ್ ಬಿಚ್ಚಿ ಅದರ ಮುಂದೆ ಕೂತ.

ಕೆಂಪವ್ವ ಕಟ್ಟೆಯಿಂದ ನೋಡಿದಳು. ಈ ಸಲ ಆಕೆ ಎಣಿಸಲು ಹೋಗಲಿಲ್ಲ, ನೇರವಾಗಿ ಎದ್ದು ಬಂದಳು.

"ಇದೇನ ಹೊಸಾದು? ಮದ್ಲ ಕೇಳೇ ಬಿಡ್ತೀನಿ ತಮ್ಮಾ. ಯಾರೂ ಸತ್ತಿಲ್ಲಲ್ಲ?"

"ಇಲ್ಲಕ್ಕಾ. ಐತವಾರ ಮೊಮ್ಮಗಳು ಬರಾಕತ್ತಾಳ."

"ಮತ್ತ ಕಣ್ಣಾಗ್ಯಾಕ ನೀರ ಬರಾಕತ್ತೈತಿ?"

ವಿರುಪಾಕ್ಷಪ್ಪ ತೊಟ್ಟಿಲ ಕಡೆ ನೋಡಿದ. ಅದರ ಮೇಲೆ ಧೂಳಿನ ಒಂದು ಕಣವೂ ಇರಲಿಲ್ಲ.

"ಧೂಳಕ್ಕಾ," ಎಂದ. "ಅಲರ್ಜಿ."